ಮೊಂಬುಲೈ ಎಂಬ ಪ್ರಾಚೀನ ಪದ

ಟಿಕ್.

ನಡುರಾತ್ರಿ ಆ ಸಣ್ಣ ಸದ್ದಿಗೆ ಎಚ್ಚರವಾಯಿತು. ಇಲಿಯಿರಬಹುದು ಎಂದು ಹೆದರಿದೆ. ಇಲಿಯಲ್ಲ, ಒಲೆಯಿಂದ ಕೆಂಡ ಸಿಡಿದಿರಬಹುದು ಎಂದು ಇನ್ನೊಮ್ಮೆ ಹೆದರಿದೆ. ಹೆದರುವ ವಿಷಯದಲ್ಲಿ ನಾನು ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಮತ್ತೆ ಟಿಕ್ ಎಂದಾಗ ಗೊತ್ತಾಯಿತು, ಪಕ್ಕದಲ್ಲಿ ನಮ್ಮವರು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಾರೆ. ತಲೆಯೊಳಗೆ ಏನಾದರೂ ಓಡುತ್ತಿದ್ದರೆ ಮಾತ್ರ ಅವರು ಹೀಗೆ ಮಾಡುವುದು.

“ಬುರುಲ್, ಎಚ್ಚರ ಇದೀಯಾ?”

“ಇಲ್ಲ ರೀ.”

“ಒಳ್ಳೇದಾಯ್ತು. ಒಂಟೆಗೆ ಮರಳುಗಾಡಿನ ಹಡಗು ಅಂತಾರಲ್ಲ, ಹಾಗೆ ಹಡಗಿಗೆ ಸಮುದ್ರದ ಒಂಟೆ ಅಂತ ಯಾರಾದ್ರೂ ಅಂದಿದಾರಾ?”

“ನೀವೇ ಮೊದಲನೆಯವರಿರಬೇಕು. ಮಲಗಿ.”

ಟಿಕ್. “ರೇಡಿಯೋದವರು ನನ್ನನ್ನ ಕರ್ದಿದಾರೆ. ಶುಕ್ರವಾರ. ಅವರು ಪ್ರಶ್ನೆ ಕೇಳ್ತಾರೆ, ನಾನು ಉತ್ತರ ಹೇಳ್ಬೇಕು.”

ಆಮೇಲೆ ಅವರಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ನಮ್ಮವರ ಹೆಸರು ಶಾರ್ಶೆನ್. ನಾರಿನ್ ನದಿಯ ದಂಡೆಯಲ್ಲಿರುವ ನಮ್ಮ ಪುಟ್ಟ ಪಟ್ಟಣದಲ್ಲಿ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ನೋಡಿ ಬರೆದುಕೊಳ್ಳುವ ಕೆಲಸ. ಅದಕ್ಕೂ ಮೊದಲು, ಸಿನಿಮಾ ಮಂದಿರ ಇನ್ನೂ ತೆರೆದಿದ್ದ ಕಾಲದಲ್ಲಿ, ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದರು. ಹಿಂದಿ ಚಿತ್ರಗಳು ಬಂದಾಗ ಎಲ್ಲ ಆಟವನ್ನೂ ಬಾಗಿಲ ಪರದೆ ಹಿಡಿದು ನಿಂತೇ ನೋಡಿದವರು. ಹೀಗಾಗಿ ಲೋಕದ ಎಲ್ಲ ವಿಚಾರವೂ ಅವರಿಗೆ ಗೊತ್ತು, ಆದರೆ ಪರದೆಯ ಪಕ್ಕದಿಂದ ಕಂಡಷ್ಟು. ಯಾರ ಮನೆಗೆ ಹೋದರೂ ಮೊದಲೊಂದು ವಿಚಿತ್ರ ಸಂಗತಿ ಹೇಳಿ ಆಮೇಲೆ ಮೀಟರಿನ ಕಡೆ ತಿರುಗುವುದು ಅವರ ಪದ್ಧತಿ. ಬೀದಿಯ ಮೊದಲ ಮನೆಯಲ್ಲಿ ಆಕ್ಟೋಪಸ್ಸಿಗೆ ಮೂರು ಹೃದಯ, ಜಿರಾಫೆಗೆ ಕಪ್ಪು ನಾಲಿಗೆ ಎಂದು ಸರಿಯಾಗಿಯೇ ಹೊರಟ ಸಂಗತಿ, ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಜಿರಾಫೆಗೆ ಮೂರು ನಾಲಿಗೆಯಾಗಿ, ಆಕ್ಟೋಪಸ್ಸು ನಿಂತುಕೊಂಡೇ ನಿದ್ದೆ ಮಾಡುತ್ತಿತ್ತು.

ಊರಿನವರು ಅವರಿಗೆ ಅರ್ಧ ವಿಶ್ವಕೋಶ ಎಂದು ಹೆಸರಿಟ್ಟಿದ್ದರು. “ಶಾರ್ಶೆನ್, ಮೊದಲು ಮೀಟರು, ಆಮೇಲೆ ಆಕ್ಟೋಪಸ್ಸು” ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಶಾಲೆಯ ಜಪಾರ್ ಮೇಷ್ಟ್ರಂತೂ ಒಮ್ಮೆ ಒಂದು ಮದುವೆಯ ಊಟದಲ್ಲಿ, ನನ್ನ ಅತ್ತೆ-ಮಾವನ ಎದುರಿಗೇ, ಇವರು ಹೇಳಿದ ಐದು ಸಂಗತಿಗಳನ್ನೂ ತಿದ್ದಿ ಕೂರಿಸಿದ್ದರು. ಅವತ್ತು ಮನೆಗೆ ಬಂದು ನಮ್ಮವರು ಒಲೆಯ ಮುಂದೆ ಕೂತು, “ಒಂದೇ ಒಂದು ಸಲ ಬುರುಲ್, ಇಡೀ ಊರು ಕೇಳೋ ಹಾಗೆ ಒಂದು ಮಾತು ಸರಿ ಹೇಳ್ಬಿಟ್ರೆ ಸಾಕು” ಎಂದಿದ್ದರು. ಆದ್ದರಿಂದ ಶುಕ್ರವಾರವೆಂದರೆ ನನಗೆ ಶುಕ್ರವಾರವಾಗಿರಲಿಲ್ಲ.

ನಮ್ಮ ಮನೆಯ ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಅದು ನನ್ನ ಮಾವನವರ ಹೆಸರು.

ಮಾವನವರಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲವಂತೆ. ಹಾಗಾಗಿ ಇವರು ಹುಟ್ಟಿದಾಗ, ಇದು ಯಾವುದೋ ಹಾಳು ನಾಯಿಮರಿ ಎಂದು ಸಾವು ಮೂಗು ಮುರಿದುಕೊಂಡು ಮುಂದೆ ಹೋಗಲಿ ಎಂದು ಕೂಚುಕ್ ಎಂಬ ಹೆಸರಿಟ್ಟರು. ಕೂಚುಕ್ ಎಂದರೆ ನಮ್ಮಲ್ಲಿ ನಾಯಿಮರಿ. ಸಾವು ನಿಜಕ್ಕೂ ಮೋಸಹೋಗಿರಬೇಕು. ಮಾವನವರು ಆರಡಿ ಬೆಳೆದು, ಎದೆಯುದ್ದ ಬಿಳಿ ಗಡ್ಡ ಬಿಟ್ಟು, ಎತ್ತರದ ಬಿಳಿ ಕಂಬಳಿ ಟೋಪಿ ಹಾಕಿಕೊಂಡು, ನಡೆದು ಹೋದರೆ ಪೊಲೀಸರೂ ಎದ್ದು ನಿಲ್ಲುವಂಥ ನಾಯಿಮರಿಯಾದರು. ಗಂಡಸರು ಅವರನ್ನು ಆ ಹೆಸರಿನಿಂದ ಕರೆಯಬಹುದು. ಸೊಸೆ ಕರೆಯುವಂತಿಲ್ಲ, ಹೆಂಡತಿಯೂ ಕರೆಯುವಂತಿಲ್ಲ. ಕರೆಯುವುದಿರಲಿ, ಬಾಗಿಲಿಗೆ ಬಂದ ನಿಜವಾದ ನಾಯಿಮರಿಯನ್ನೂ ನಾವು ಆ ಪದದಿಂದ ಹೇಳುವಂತಿಲ್ಲ. ನಾಲಿಗೆಯ ಮೇಲೆ ಹಿರಿಯರ ಹೆಸರು ಬಂದರೆ ಮನೆಗೆ ಅವಮಾನ. ನಿಷೇಧವಿರುವುದು ನಾಲಿಗೆಗೆ, ಲೇಖನಿಗೂ ಇದೆ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ. ಬರೆದ ಮೇಲೂ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದೆ. ಅತ್ತೆಯ ಹೆಸರನ್ನು ಮಾತ್ರ ಬರೆಯುವಷ್ಟು ಧೈರ್ಯ ನನಗಿಲ್ಲ.

ಅತ್ತೆ ತಮ್ಮ ಕಾಲದಲ್ಲಿ ನಾಯಿಮರಿಗೆ “ಬೊಗಳುವುದು” ಎನ್ನುತ್ತಿದ್ದರು. “ಬೊಗಳುವುದಕ್ಕೆ ಹಾಲು ಹಾಕಿದ್ರಾ”, “ಬೊಗಳುವುದು ಕಾಲಿಗೆ ಸಿಕ್ಕತ್ತೆ, ಆಚೆಗೆ ತಳ್ಳಿ” ಎಂದು ದಿನವಿಡೀ ಅವರ ಗಂಟಲು ಮೊಳಗುತ್ತಿತ್ತು. ಮಾವನವರು ಪ್ರತಿ ಸಲವೂ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸುತ್ತಿದ್ದರು.

ನಾನು ಮದುವೆಯಾಗಿ ಬಂದ ಮೂರನೆಯ ದಿನ, ನೆರೆಯ ಹೆಂಗಸರೆಲ್ಲ ಹೊಸ ಸೊಸೆಯನ್ನು ನೋಡಲು ಬಂದು ಸುತ್ತ ಕೂತಿದ್ದರು. ನಾನು ತಲೆ ಬಗ್ಗಿಸಿ ಚಹಾ ಹಾಕುತ್ತಿದ್ದೆ. ಆಗ ಉಣ್ಣೆಯ ಉಂಡೆಯಂಥ ಒಂದು ಮರಿ ಹೊಸ್ತಿಲು ದಾಟಿ, ತನ್ನ ಕಾಲಿಗೆ ತಾನೇ ತೊಡರಿಕೊಂಡು ಬಿದ್ದು, ಹಿಟ್ಟಿನ ಬೋಗುಣಿಯ ಕಡೆ ಉರುಳಿತು. “ಕಾಲೇಜು ಓದಿದ ಸೊಸೆ, ಅದೇನು ಒಳಗೆ ಬಂತು?” ಎಂದು ಅತ್ತೆ ಕೇಳಿದರು. ಹೆಂಗಸರೆಲ್ಲ ಚಹಾದ ಬಟ್ಟಲು ಕೆಳಗಿಟ್ಟರು. ಕೂಚುಕ್ ಎನ್ನುವಂತಿಲ್ಲ. ಎದುರಿಗೇ ಕೂತ ಮಾವನವರ ಮುಖ ನೋಡಿಕೊಂಡು ಬೊಗಳುವುದು ಎನ್ನಲು ಬಾಯಿ ಬರಲಿಲ್ಲ. ಇತಿಹಾಸದಲ್ಲಿ ನಾನು ಪಡೆದ ಪದವಿ ಆ ಗಳಿಗೆಯಲ್ಲಿ ಯಾವ ಸಹಾಯಕ್ಕೂ ಬರಲಿಲ್ಲ. ಎಲ್ಲಿಂದಲೋ ಬಾಯಿಗೆ ಬಂದ ಶಬ್ದ, “ಮೊಂಬುಲೈ.”

ಅದಕ್ಕೆ ಅರ್ಥವಿಲ್ಲ. ಮರಿಯ ಮೈ ಹಾಗಿತ್ತು, ಅಷ್ಟೇ.

ಮಾವನವರು ಬಟ್ಟಲನ್ನು ತುಟಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ, “ಇನ್ನೊಂದು ಸ್ವಲ್ಪ ಚಹಾ ಹಾಕು ಮಗಳೇ” ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ನಾಯಿಮರಿ ಮೊಂಬುಲೈ ಆಯಿತು. ನಮ್ಮ ಮಕ್ಕಳು ಅದನ್ನೇ ಕೇಳಿ ಬೆಳೆದರು. ನಮ್ಮವರಂತೂ ಅದು ಎಲ್ಲರ ಮಾತೆಂದೇ ತಿಳಿದುಬಿಟ್ಟರು.

ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪಾಟಿನ ಮೇಲೆ ರೇಡಿಯೋ, ಕೆಳಗೆ ಮೇಜಿನ ಮೇಲೆ ಫೋನು, ನಡುವೆ ನೆಂಟರು. ಪಕ್ಕದ ಮನೆಯ ಜೂರಾ ಕರಿದ ಹಿಟ್ಟಿನ ತುಂಡುಗಳನ್ನು ಬುಟ್ಟಿಯಲ್ಲಿ ತಂದಿದ್ದಳು. ಜಪಾರ್ ಮೇಷ್ಟ್ರು ತಿದ್ದಲು ಸಿದ್ಧರಾಗಿ ಬಂದಿದ್ದರು. ಮಾವನವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು.

ಗೆದ್ದವರಿಗೆ ಒಂದು ಕೊಬ್ಬಿದ ಟಗರು ಬಹುಮಾನ. ಅದನ್ನು ಪ್ರಾಂತ್ಯದ ದೊಡ್ಡ ಊರಾದ ನಾರಿನ್‌ನ ರೇಡಿಯೋ ಕಟ್ಟಡದ ಕಿಟಕಿಗೇ ಕಟ್ಟಿದ್ದರೇನೋ, ಮಧ್ಯೆ ಮಧ್ಯೆ ಅದರ ದನಿಯೂ ಇಡೀ ಪ್ರಾಂತ್ಯಕ್ಕೆ ಪ್ರಸಾರವಾಗುತ್ತಿತ್ತು. ತೀರ್ಪು ಕೊಡಲು ರಾಜಧಾನಿಯಿಂದ ಭಾಷಾ ಪಂಡಿತರಾದ ಪ್ರೊಫೆಸರ್ ಎಸೆನ್‌ಗುಲ್ ಬಂದಿದ್ದರು. ನಮ್ಮವರ ಎದುರಾಳಿ ಒಬ್ಬ ಪಶುವೈದ್ಯ.

“ಹಿಂದಿ ಚಿತ್ರಗಳಲ್ಲಿ ಚಿಕ್ಕಂದಿನಲ್ಲಿ ಕಳೆದುಹೋದ ಅಣ್ಣ ತಮ್ಮಂದಿರು ದೊಡ್ಡವರಾದ ಮೇಲೆ ಒಬ್ಬರನ್ನೊಬ್ಬರು ಹೇಗೆ ಗುರುತು ಹಿಡಿಯುತ್ತಾರೆ?” ಎಂದು ನಿರೂಪಕಿ ಕೇಳಿದಳು.

“ಹಾಡಿನಿಂದ,” ಎಂದರು ನಮ್ಮವರು, ಮದುವೆಯ ದಿನವೂ ನಾನು ಕೇಳದಿದ್ದ ಗಟ್ಟಿ ದನಿಯಲ್ಲಿ. “ಹಾಡು ಮರೆತಿದ್ರೆ ಮಚ್ಚೆಯಿಂದ. ಮಚ್ಚೆ ಅಳಿಸಿಹೋಗಿದ್ರೆ ಅವರ ನಾಯಿ ಗುರುತು ಹಿಡಿಯತ್ತೆ.”

ಮನೆಯಲ್ಲಿ ಎಲ್ಲರೂ ತಲೆದೂಗಿದರು. ಮೇಷ್ಟ್ರಿಗೆ ತಿದ್ದಲು ಏನೂ ಸಿಗಲಿಲ್ಲ. ಕೊನೆಯ ಪ್ರಶ್ನೆಗೆ ಬರುವಾಗ ಇಬ್ಬರೂ ಸಮಸಮವಾಗಿದ್ದರು.

“ನಮ್ಮ ನಾಯಿಯೊಂದು ಬಾಹ್ಯಾಕಾಶಕ್ಕೆ ಹೋಗಿ ಜೀವಂತವಾಗಿ ಮರಳಿದ ಮೇಲೆ, ಆಗಿನ ಸೋವಿಯತ್ ನಾಯಕರು ಅಮೆರಿಕದ ಅಧ್ಯಕ್ಷರ ಮನೆಗೊಂದು ಉಡುಗೊರೆ ಕಳಿಸಿದರು. ಏನದು?”

ಪಶುವೈದ್ಯ ಕಡತದ ವಾಸನೆಯ ದನಿಯಲ್ಲಿ, “ಅಭಿನಂದನಾ ಪತ್ರ” ಎಂದ. ತಪ್ಪು. ನಮ್ಮವರ ಸರದಿ. ರೇಡಿಯೋದಲ್ಲಿ ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ಅಯ್ಯೋ, ಬೀಜ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದಾರೆ ಎಂದುಕೊಂಡೆ.

“ನಾನು ಮನೆಗೆ ಫೋನ್ ಮಾಡ್ತೀನಿ,” ಎಂದರು. ನಿಯಮದ ಪ್ರಕಾರ ಒಂದು ಕರೆಗೆ ಅವಕಾಶವಿತ್ತು.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಎತ್ತಿದೆ. ನಾನು “ಹಲೋ” ಎಂದದ್ದು ಸ್ವಲ್ಪ ತಡವಾಗಿ ಕಪಾಟಿನ ಮೇಲಿಂದ ನನಗೇ ಕೇಳಿಸಿತು. ಯಾರೋ ನನ್ನಂಥವಳೇ ಒಬ್ಬಳು ದೂರದ ಬೆಟ್ಟದ ಆಚೆ ಕೂತು ನನ್ನ ಮಾತನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಾಳೆ ಅನ್ನಿಸಿತು.

“ಬುರುಲ್, ನಾವು ಅಮೆರಿಕಕ್ಕೆ ಏನು ಕಳ್ಸಿದ್ವಿ?”

ನನಗೆ ಗೊತ್ತಿತ್ತು. ಗ್ರಂಥಾಲಯದಲ್ಲಿ ಕೆಲಸ ಮಾಡುವವಳು ನಾನು, ಹಳೆಯ ಪತ್ರಿಕೆಯಲ್ಲಿ ಓದಿದ್ದೆ. ಆ ನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ಅಧ್ಯಕ್ಷರ ಪುಟ್ಟ ಮಗಳಿಗೆ ಕಳಿಸಿದ್ದರು. ನಾಯಿಮರಿ. ಒಂದೇ ಪದ.

ಅತ್ತೆ ತಲೆವಸ್ತ್ರವನ್ನು ಬಿಗಿ ಮಾಡಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಈ ಓದಿದ ಸೊಸೆ ಒಂದು ದಿನ ಎಡವಿಯೇ ಎಡವುತ್ತಾಳೆ ಎಂದು ಕಾದವರು ಅವರು. ಎಡವುವುದೇ ಆದರೆ ಇಡೀ ಪ್ರಾಂತ್ಯದ ಮುಂದೆ ಎಡವುವ ಯೋಗ ನನ್ನದು. ಮಾವನವರು ಒಂದು ಕಣ್ಣು ತೆರೆದರು.

“ಬುರುಲ್, ಲೈನಲ್ಲಿ ಇದೀಯಾ?” ಫೋನಿನಲ್ಲೊಮ್ಮೆ, ಕಪಾಟಿನಿಂದೊಮ್ಮೆ.

“ಮೊಂಬುಲೈ,” ಎಂದೆ. “ರೀ, ಮೊಂಬುಲೈ ಕಳಿಸಿದ್ದು.”

ಇದನ್ನು ಅವರು ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ಸರಿಯಾದ ಪದ ಹೇಳುತ್ತಾರೆಂದು ನಂಬಿದ್ದು ನನ್ನ ತಪ್ಪು. ಕಪಾಟಿನ ಮೇಲಿಂದ ನಮ್ಮವರ ದನಿ ಸ್ಪಷ್ಟವಾಗಿ ಬಂತು: “ಉತ್ತರ, ಮೊಂಬುಲೈ.”

ಪ್ರಾಂತ್ಯವೆಲ್ಲ ನಿಶ್ಶಬ್ದ. ಟಗರೂ ಕೂಗಲಿಲ್ಲ.

“ಕ್ಷಮಿಸಿ, ಏನಂದ್ರಿ?” ಎಂದಳು ನಿರೂಪಕಿ.

“ಮೊಂಬುಲೈ ಅಮ್ಮಾ. ಪುಟ್ಟದಿರತ್ತಲ್ಲ, ಬಾಗಿಲ ಹತ್ರ ಮಲಗಿರತ್ತಲ್ಲ.”

“ಅಂಥ ಪದ ಇಲ್ಲ,” ಎಂದ ಪಶುವೈದ್ಯ. “ನಾಯಿಗಳ ಜೊತೆಗೇ ನನ್ನ ಆಯಸ್ಸು ಕಳೆದಿದೀನಿ. ಯಾವ ನಾಯೀನೂ ಆ ಪದ ಹೇಳಿಲ್ಲ.”

“ಪ್ರೊಫೆಸರ್ ಸಾಹೇಬರು ಏನಂತಾರೆ?”

ಪ್ರೊಫೆಸರು ಕೆಮ್ಮಿದರು. ವಿದ್ವಾಂಸರ ಕೆಮ್ಮಿನಲ್ಲಿ ಎರಡು ವಿಧ. ಒಂದು ಗಂಟಲಿನದು, ಇನ್ನೊಂದು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನದೆ ದಾಟಿಹೋಗುವ ಸೇತುವೆ. ಇದು ಉದ್ದವಾದ ಸೇತುವೆಯಾಗಿತ್ತು. ಎದುರಿಗೆ ಉತ್ತರದ ಚೀಟಿಯಿತ್ತು, ಅದರಲ್ಲಿ ನಾಯಿಮರಿ ಎಂದಿತ್ತು. “ಮೊಂಬುಲೈ,” ಎಂದು ಅವರು ಪದವನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಹೊರಳಿಸಿದರು. “ಎಷ್ಟೋ ವರ್ಷದ ಮೇಲೆ ಈ ಪದ ಕಿವಿಗೆ ಬಿತ್ತು. ಕುರಿಗಾಹಿ ಮನೆತನಗಳ ಬಹು ಪ್ರಾಚೀನ ಶಬ್ದ. ಎಳೆಯ ನಾಯಿ ಎಂದರ್ಥ. ಇದು ಇನ್ನೂ ಉಸಿರಾಡುತ್ತಿದೆ ಎಂದರೆ ನನಗೆ ಕಣ್ಣು ತುಂಬಿ ಬರುತ್ತದೆ. ಪೂರ್ಣ ಅಂಕ. ಟಗರೂ ಅವರಿಗೇ.”

ಎಷ್ಟೋ ವರ್ಷದ ಮೇಲೆ ಕೇಳಿದೆ ಎಂಬುದು ಸುಳ್ಳೇನೂ ಅಲ್ಲ. ಹುಟ್ಟಿದ ಎಷ್ಟೋ ವರ್ಷದ ಮೇಲೆ ಮೊದಲ ಸಲ ಕೇಳಿದ್ದರು.

ಜೂರಾ ಬುಟ್ಟಿ ಪಕ್ಕಕ್ಕೆ ಸರಿಸಿ ಅತ್ತೆಯ ಕಡೆ ತಿರುಗಿದಳು. “ಅಪಾ, ನಿಮ್ಮನೇಲಿ ಇಂಥ ಹಳೇ ಮಾತಿತ್ತು, ನಮಗೆ ಹೇಳ್ಲೇ ಇಲ್ವಲ್ಲ” ಎಂದಳು. ಅಪಾ ಎಂದರೆ ಹಿರಿಯ ಹೆಂಗಸರಿಗೆ ನಮ್ಮ ಕಡೆಯ ಗೌರವ.

ಅತ್ತೆ ನನ್ನ ಮುಖ ನೋಡಿದರು. ಆ ನೋಟದಲ್ಲಿ ಮೂರನೆಯ ದಿನದ ಚಹಾ, ಹಿಟ್ಟಿನ ಬೋಗುಣಿ, ಎಲ್ಲವೂ ಇತ್ತು. ಆಮೇಲೆ ಜೂರಾ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿ ಹೇಳಿದರು: “ಹೇಳ್ಕೊಂಡು ತಿರುಗೋಕೆ ಅದೇನು ಹೊಸಾ ಪರದೆಯಾ? ನಮ್ಮಜ್ಜಿಯ ಅಜ್ಜಿ ಕಾಲದ್ದು.”

ರಾತ್ರಿ ಟಗರಿನ ಜೊತೆ ಜೀಪಿನಲ್ಲಿ ಬಂದಿಳಿದ ನಮ್ಮವರನ್ನು, “ಮನಸ್ಸಲ್ಲೇ ಮಾಮೂಲಿ ಪದಕ್ಕೆ ಬದಲಾಯಿಸ್ಕೋಬಾರ್ದಿತ್ತಾ?” ಎಂದು ಮೆಲ್ಲಗೆ ಕೇಳಿದೆ.

“ಬದಲಾಯಿಸ್ಕೊಂಡಿದ್ದೆ ಕಣೇ. ಬಾಯಿಗೂ ಬಂದಿತ್ತು. ಆಮೇಲೆ ನೋಡ್ತೀನಿ, ಅದು ಅಪ್ಪನ ಹೆಸರು. ರೇಡಿಯೋದಲ್ಲಿ ಅಪ್ಪನ ಹೆಸರು ಕೂಗಿ ಅವರನ್ನ ಅಮೆರಿಕಕ್ಕೆ ಕಳಿಸ್ಲಾ?”

ಟಗರನ್ನು ಅದೇ ಭಾನುವಾರ ಕೊಯ್ದು ಬೀದಿಗೆಲ್ಲ ಬಡಿಸಿದೆವು. ಮೂಳೆಯೂ ಉಳಿಯಲಿಲ್ಲ. ಇದನ್ನು ಏಕೆ ಹೇಳುತ್ತೇನೆಂದರೆ, ಮುಂದೆ ವಾಪಸು ಕೊಡುವ ಪ್ರಸಂಗ ಬಂದರೆ ಕೊಡಲು ಏನೂ ಇರಲಿಲ್ಲ ಎಂದು ನನ್ನ ಮನಸ್ಸು ದಿನಾ ನನಗೆ ನೆನಪಿಸುತ್ತಿತ್ತು.

ಆ ವಸಂತದಲ್ಲಿ ನಮ್ಮೂರಿನ ಮೇಲೆ ಒಂದು ಪದ ತೆಳ್ಳಗಿನ ಮಂಜಿನ ಹಾಗೆ ಇಳಿಯಿತು. ಏಪ್ರಿಕಾಟ್ ಮರಗಳು ಹೂಬಿಟ್ಟವು, ಬೇಲಿಗಳ ಹಿಂದಿನಿಂದ ಮಕ್ಕಳು “ಮೊಂಬುಲೈ, ಮೊಂಬುಲೈ” ಎಂದು ಕರೆಯುವುದು ಕೇಳಿಸುತ್ತಿತ್ತು. ಬಸ್ ನಿಲ್ದಾಣದ ಚಹಾದಂಗಡಿಗೆ ಆ ಹೆಸರಿಟ್ಟರು. ಪಟ್ಟಣದ ಅಧ್ಯಕ್ಷರು ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಕಡೆ ಕೈ ತೋರಿಸಿ, “ಈ ಮೊಂಬುಲೈಗಳೇ ನಮ್ಮ ನಾಳೆ” ಎಂದು ಭಾಷಣ ಮಾಡಿದರು. ಜಪಾರ್ ಮೇಷ್ಟ್ರು ಗೋಡೆಪತ್ರಿಕೆಯಲ್ಲಿ, ತಮ್ಮ ತಾತನವರು ಈ ಪದವನ್ನು ಬಳಸುತ್ತಿದ್ದುದು ತಮಗೆ ಮಸುಕಾಗಿ ನೆನಪಿದೆ ಎಂದು ಬರೆದರು. ಮಸುಕು ಎಂಬ ಪದವನ್ನು ಅವರು ಎರಡು ಸಲ ಬಳಸಿದ್ದರು. ಪತ್ರಿಕೆಯ ಪದಬಂಧದಲ್ಲಿ “ನಾಯಿಮರಿ, ಪ್ರಾಚೀನ” ಎಂಬ ಸುಳಿವು ಬಂದ ದಿನ ನಮ್ಮವರು ಆ ಖಾನೆಗಳನ್ನು ತುಂಬಿ, ಬಹಳ ಹೊತ್ತು ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅವರ ನಡಿಗೆ ಬದಲಾಗಿತ್ತು. ಈಗ ಮೀಟರು ನೋಡಲು ಹೋದರೆ ಜನ ಬಾಗಿಲಲ್ಲಿ, “ಬನ್ನಿ ಶಾರ್ಶೆನ್, ಮೊದಲು ಆಕ್ಟೋಪಸ್ಸು, ಆಮೇಲೆ ಮೀಟರು” ಎನ್ನುತ್ತಿದ್ದರು. ಅವರ ಸಂಗತಿಗಳು ಮೊದಲಿನಷ್ಟೇ ಕಲಸಿಹೋಗಿದ್ದವು. ಆದರೆ ಯಾರೂ ತಿದ್ದುತ್ತಿರಲಿಲ್ಲ; ತಪ್ಪು ಕಂಡರೆ, ಇದು ಪ್ರಾಚೀನವಿರಬಹುದು ಎಂದು ಸುಮ್ಮನಾಗುತ್ತಿದ್ದರು.

ನಾನೊಬ್ಬಳೇ ಹೊಸಬರು ಯಾರಾದರೂ ಬೀದಿಗೆ ಬಂದರೆ ಕಿಟಕಿಯಿಂದ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಅವರು ಬಂದೇಬಿಟ್ಟರು. ಪ್ರೊಫೆಸರ್ ಎಸೆನ್‌ಗುಲ್, ಕೈಯಲ್ಲಿ ಧ್ವನಿಮುದ್ರಣ ಯಂತ್ರ. ಹೊಸ ನಿಘಂಟು ಸಿದ್ಧವಾಗುತ್ತಿದೆಯಂತೆ. ಅದರಲ್ಲಿ ಮೊಂಬುಲೈಗೆ ಜಾಗ ಕೊಡಬೇಕಂತೆ, ಕೆಳಗೆ ಶಾರ್ಶೆನ್ ಎಂಬ ಹೆಸರು ಕೂಡ.

ನಮ್ಮವರು ಒಳಗೆ ಬಂದು ನನ್ನ ಕೈ ಹಿಡಿದುಕೊಂಡು ಮತ್ತೆ ಹೊರಗೆ ಹೋದರು.

ಅತಿಥಿಗೆ ಇನ್ನೊಂದು ಕುರಿ ಬಿತ್ತು. ತಲೆಯ ಭಾಗವನ್ನು ಪದ್ಧತಿಯಂತೆ ಪ್ರೊಫೆಸರರ ಮುಂದಿಟ್ಟರು. ಅವರು ಒಂದು ಕಿವಿಯನ್ನು ಕೊಯ್ದು ಮಕ್ಕಳಿಗೆ ಕೊಟ್ಟು, ಯಂತ್ರವನ್ನು ಅತ್ತೆಯ ಕಡೆ ತಿರುಗಿಸಿದರು.

“ಅಪಾ, ಈ ಪದ ನಿಮ್ಮಲ್ಲಿ ಎಷ್ಟು ಕಾಲದಿಂದ ಇದೆ?”

“ಬೆಟ್ಟಗಳು ಎಷ್ಟು ಕಾಲದಿಂದ ಇದಾವೆ?” ಎಂದರು ಅತ್ತೆ.

ಪ್ರೊಫೆಸರರಿಗೆ ಇದು ಬಹಳ ಹಿಡಿಸಿತು. “ಒಂದೇ ತೊಡಕು. ಮನೆಯವರಲ್ಲದವರು ಒಬ್ಬರು ಸಾಕ್ಷಿ ಹೇಳಬೇಕು. ಇಲ್ಲದಿದ್ದರೆ ಸಮಿತಿಯವರು ಒಪ್ಪುವುದಿಲ್ಲ. ನಾನು ರೇಡಿಯೋ ತೀರ್ಪನ್ನೂ ವಾಪಸು ತೆಗೆದುಕೊಂಡು, ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಬೇಕಾಗುತ್ತದೆ.”

ಬಾಗಿಲ ಬಳಿ ನಿಂತಿದ್ದ ನಮ್ಮವರ ಮುಖ ನೋಡಿದೆ. ತಿದ್ದುಪಡಿ ಎಂಬ ಪದ ಕೇಳಿ, ಆ ಹಳೆಯ ಮದುವೆಯೂಟದಲ್ಲಿ ಆಗಿದ್ದಂತೆಯೇ ಆಗಿತ್ತು.

“ಅದಕ್ಕೇನು ಬರ,” ಎಂದರು ಅತ್ತೆ. ನಾನು ಚಹಾದ ಪಾತ್ರೆ ಬೀಳಿಸಿಯಾದರೂ ತಡೆಯಬೇಕೆಂದುಕೊಂಡೆ, ತಡವಾಯಿತು. “ಮೇಲೆ ಹುಲ್ಲುಗಾವಲಲ್ಲಿ ಬಾಟ್ಮಾ ಅಜ್ಜಿ ಇದಾಳೆ. ಈ ಕಣಿವೇಲಿ ಅವಳಿಗಿಂತ ಹಿರಿಯರಿಲ್ಲ. ನಾಡಿದ್ದು ಕರ್ಕೊಂಡು ಹೋಗ್ತೀವಿ.”

ಅಭಿಮಾನ ಮಾತಾಡುವಾಗ ಮನುಷ್ಯರು ಪಕ್ಕದಲ್ಲಿ ನಿಂತು ಕೇಳುತ್ತಾರೆ ಅಷ್ಟೇ. ಅತ್ತೆಯೂ ತಮ್ಮ ಮಾತು ಕೇಳಿ ತಾವೇ ಬೆಚ್ಚಿದ್ದನ್ನು ಕಂಡೆ.

ಮರುದಿನ ಬೆಳಿಗ್ಗೆ ಹಾಲು ಕರೆಯುತ್ತ ಹಸುವಿನ ಹೊಟ್ಟೆಗೆ ಹಣೆಯಿಟ್ಟು ಮಾತು ಜೋಡಿಸಿದೆ. “ಪ್ರೊಫೆಸರ್, ಆ ಪದ ಪ್ರಾಚೀನವಲ್ಲ. ನಾನೇ ಮಾಡಿದ್ದು. ಮದುವೆಯಾದ ಮೂರನೇ ದಿನ. ನಮ್ಮವರದು ಏನೂ ತಪ್ಪಿಲ್ಲ, ಅವರನ್ನ ಬಿಟ್ಬಿಡಿ.” ಹಸು ಬಾಲದಿಂದ ನನ್ನ ಕಿವಿಗೊಂದು ಹೊಡೆಯಿತು. ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಮಾವನವರು ಗೋದಲಿಯ ಮೇಲೆ ಕೂತು ಜೀನಿನ ಪಟ್ಟಿ ಹೊಲಿಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ.

“ಹಸುಗೆ ಹೇಳಿದ್ದು ಸಾಕು ಮಗಳೇ,” ಎಂದರು. “ಹಾಲು ಕೆಡತ್ತೆ.”

ಸ್ವಲ್ಪ ಹೊತ್ತಿಗೆ, ಕುದುರೆಗೆ ಲಾಳ ಕಟ್ಟಿಸಿಕೊಂಡು ಬರುತ್ತೇನೆಂದು ಅವರು ಹೊರಟುಹೋದರು. ಜೀನಿಗೆ ಒಂದು ಚೀಲ ತೂಗುಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಈಗಿದ್ದ ಮರಿ, ನಮ್ಮ ಮೊಂಬುಲೈ, ಕಾಣಿಸುತ್ತಿಲ್ಲವೆಂದು ಮಕ್ಕಳು ಬೇಲಿ ಬೇಲಿ ಹುಡುಕತೊಡಗಿದರು. ನನಗೆ ಹುಡುಕುವ ಮನಸ್ಸೇ ಇರಲಿಲ್ಲ. ಅಜ್ಜಿಯ ಬಾಯಿಂದ ಏನು ಬರಬಹುದೆಂದು ಲೆಕ್ಕ ಹಾಕುವುದರಲ್ಲೇ ದಿನ ಹೋಯಿತು. ಮಾವನವರು ಕತ್ತಲಾದ ಮೇಲೆ ಬಂದರು.

ಮೇಲಿನ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ ಮೋಡಗಳು ನಮಗಿಂತ ಕೆಳಗೆ ನಡೆಯುತ್ತವೆ. ಜೀಪು ನಿಂತಾಗ ಸದ್ದೆಲ್ಲ ಅಡಗಿ, ಹುಲ್ಲಿನ ಮೇಲೆ ನೆರಳುಗಳು ಮಾತ್ರ ಚಲಿಸುತ್ತಿದ್ದವು. ಅಷ್ಟೊಂದು ಆಕಾಶದ ಕೆಳಗೆ ನಿಂತರೆ ಪದಗಳಿಗೆಲ್ಲ ಹಳತು ಹೊಸತು ಏನಿದೆ ಅನ್ನಿಸುತ್ತದೆ. ನನಗೂ ಅನ್ನಿಸುತ್ತಿತ್ತು, ಆ ಪದ ನನ್ನದೇ ಆಗಿರದಿದ್ದರೆ.

ಬಾಟ್ಮಾ ಅಜ್ಜಿ ಕಂಬಳಿ ಗುಡಾರದ ಬಾಗಿಲಲ್ಲಿ ಕೂತು ಮೊಸರಿನ ಉಂಡೆಗಳನ್ನು ಕಟ್ಟಿ ಬಿಸಿಲಿಗಿಡುತ್ತಿದ್ದಳು. ಹಲ್ಲಿಲ್ಲದ, ಒಣ ಖರ್ಜೂರದಷ್ಟು ಪುಟ್ಟ ಮುಖ. ಪ್ರೊಫೆಸರು ಟೋಪಿ ತೆಗೆದು ಮಂಡಿಯೂರಿದರು.

“ಅಜ್ಜಿ, ಮೊಂಬುಲೈ ಅಂದರೆ ಏನು?”

ಅಜ್ಜಿ ಅವರನ್ನು ನೋಡಿದಳು. ಬೆಟ್ಟದ ಕಡೆ ನೋಡಿದಳು. ಕೈಯಲ್ಲಿದ್ದ ಉಂಡೆಯನ್ನು ಇನ್ನೊಂದು ಸುತ್ತು ಉರುಟು ಮಾಡಿದಳು. ನನ್ನ ಆಯಸ್ಸಿನಲ್ಲಿ ಯಾವ ಮೊಸರುಂಡೆಯೂ ಅಷ್ಟು ನಿಧಾನವಾಗಿ ಉರುಟಾಗಿಲ್ಲ.

“ಓದಿದೋರಿಗೆ ಅದೂ ಗೊತ್ತಿಲ್ವಾ?” ಎಂದಳು. ಆಮೇಲೆ ಕತ್ತು ಎತ್ತಿ ಗಾಳಿಗೆ ಕರೆದಳು, “ಮೊಂಬುಲೈ, ಬಾರೋ ಮೊಂಬುಲೈ.”

ಗುಡಾರದ ಹಿಂದಿನಿಂದ ಒಂದು ನಾಯಿಮರಿ ಹಾರಿಬಂತು.

ಪ್ರೊಫೆಸರು ಯಂತ್ರವನ್ನು ಮರಿಯ ಕಡೆ ಚಾಚಿದರು. “ಪದಕ್ಕೆ ಪ್ರಾಣಿಯೇ ಓಗೊಟ್ಟಿತು,” ಎಂದು ಪಿಸುಗುಟ್ಟಿದರು. “ಎಷ್ಟು ತಲೆಮಾರಿನಿಂದ ಹೀಗೆ ಕರೀತಿದೀರಿ ಅಜ್ಜಿ?”

“ನಿಂಗೆ ಎಷ್ಟು ಬೇಕಪ್ಪಾ?”

“ಏಳು ಇದ್ದರೆ ಚೆನ್ನಾಗಿರುತ್ತಿತ್ತು.”

“ಏಳೇ,” ಎಂದಳು ಅಜ್ಜಿ.

ಮರಿ ಅಜ್ಜಿಯನ್ನು ದಾಟಿ, ಪ್ರೊಫೆಸರರನ್ನು ದಾಟಿ, ನೇರವಾಗಿ ನನ್ನ ಹತ್ತಿರ ಬಂದು ಬೂಟಿನ ಮೇಲೆ ಬಿದ್ದು ಹೊರಳಾಡಿತು. ಎಡಗಿವಿ ಬಿಳಿ. ಬಾಲದ ತುದಿಯಲ್ಲಿ ಸುಟ್ಟ ಗುರುತು. ಕಳೆದ ಚಳಿಗಾಲದಲ್ಲಿ ನಮ್ಮ ಒಲೆಗೆ ಅಂಟಿಕೊಂಡು ಮಲಗಿ ಸುಟ್ಟುಕೊಂಡದ್ದು.

“ನಿಮ್ಮ ಹತ್ತಿರ ಬಂತಲ್ಲ,” ಎಂದರು ಪ್ರೊಫೆಸರು.

“ಅದಕ್ಕೆ ಪೇಟೆ ಬೂಟು ಅಂದ್ರೆ ಇಷ್ಟ,” ಎಂದಳು ಅಜ್ಜಿ.

ಕಳೆದುಹೋದವರನ್ನು ಮಚ್ಚೆಯಿಂದ ಗುರುತು ಹಿಡಿಯುವುದು ಹೇಗೆಂದು ಇಡೀ ಪ್ರಾಂತ್ಯಕ್ಕೆ ತಿಳಿಸಿದ್ದ ನಮ್ಮವರು ಬಗ್ಗಿ, ಮರಿಯ ಕಿವಿ ನೋಡಿ, ಬಾಲ ನೋಡಿದರು.

“ಥೇಟ್ ನಮ್ಮನೇದರ ಹಾಗೇ ಇದೆ,” ಎಂದರು ಬೆರಗಿನಿಂದ. “ಲೋಕದಲ್ಲಿ ಪ್ರತಿಯೊಬ್ಬರಿಗೂ ಆರು ತದ್ರೂಪಿ ಇರ್ತಾರೆ ಅಂತ ಕೇಳಿದ್ದೆ. ನಾಯಿಗೂ ಅನ್ವಯ ಆಗತ್ತೆ ನೋಡಿ ಪ್ರೊಫೆಸರೇ.”

ಪ್ರೊಫೆಸರು ಅದನ್ನೂ ಬರೆದುಕೊಂಡರು. ಅತ್ತೆ ಮರಿಯ ಬಾಲವನ್ನೊಮ್ಮೆ ನೋಡಿ, ಎದುರಿನ ಹಿಮದ ಶಿಖರದ ಕಡೆ ಮುಖ ಮಾಡಿ, “ಮೇಲೆ ಗಾಳಿ ಎಷ್ಟು ಚೆನ್ನಾಗಿದೆ” ಎಂದರು.

ಪ್ರೊಫೆಸರು ರಾಜಧಾನಿಗೆ ಹೋದರು. ಮೂರು ದಿನದ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಮರಿ ಹೊಸ್ತಿಲಲ್ಲಿ ಮಲಗಿತ್ತು. ಮಾವನವರ ಕುದುರೆ ಬೆವರಿತ್ತು. ಅದರ ಲಾಳಗಳು ಮೊದಲಿದ್ದ ಹಳೆಯ ಲಾಳಗಳೇ ಎಂದು ನಾನು ಗಮನಿಸಿದೆ. ಗಮನಿಸುವುದು ನನ್ನ ಚಾಳಿ. ಕೊಟ್ಟಿಗೆಯ ಮೊಳೆಗೆ ಸಿಕ್ಕಿಸಿದ್ದ ಚೀಲದ ಒಳಗೆಲ್ಲ ಬಿಳಿ ಕೂದಲು. ಅದನ್ನು ಒಗೆದು ಕೊಡವಿ ಹಗ್ಗದ ಮೇಲೆ ಹಾಕುತ್ತಿರುವಾಗ ಮಾವನವರು ಬಂದು ಬೆಂಚಿನ ಮೇಲೆ ಕೂತರು.

ನಾನು ತಲೆ ಬಗ್ಗಿಸಿ ಚಹಾ ತಂದುಕೊಟ್ಟೆ. ಅವರು ಬಟ್ಟಲನ್ನು ತುಟಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತರು.

“ನೀನು ಬರೋದಕ್ಕೆ ಮುಂಚೆ,” ಎಂದರು, “ಈ ಮನೇಲಿ ನಾನು ಬೊಗಳುವುದು ಆಗಿದ್ದೆ ಮಗಳೇ. ಮೂವತ್ತು ವರ್ಷ.”

ಮರಿ ಎದ್ದು ಮೈ ಮುರಿದು, ಅವರ ಬೂಟಿನ ಮೇಲೆ ಗಲ್ಲವಿಟ್ಟು ಮತ್ತೆ ಮಲಗಿತು.

ಅಷ್ಟರಲ್ಲಿ ನಮ್ಮವರು ಮೀಟರಿನ ಚೀಲ ಹೆಗಲಿಗೇರಿಸಿ ಹೊರಗೆ ಬಂದರು. “ಅರೆ, ನಮ್ಮ ಮೊಂಬುಲೈ ಬಂದ್ಬಿಟ್ಟಿದೆ. ಇಷ್ಟು ದಿನ ಎಲ್ಲಿಗೆ ಹೋಗಿತ್ತೋ. ಬುರುಲ್, ನಿನಗೇನಾದ್ರೂ ಗೊತ್ತಾಯ್ತಾ?”

ಮಾವನವರು ಬಟ್ಟಲಿನೊಳಗೆ ನೋಡುತ್ತಿದ್ದರು. ಅತ್ತೆ ಕಿಟಕಿಯಲ್ಲಿ ಪರದೆ ಸರಿಪಡಿಸುತ್ತಿದ್ದರು; ಆ ಪರದೆಯಲ್ಲಿ ಸರಿಪಡಿಸಲು ಏನೂ ಇರಲಿಲ್ಲ.

“ನನಗೇನು ಗೊತ್ತು ರೀ,” ಎಂದೆ. “ತಡವಾಯ್ತು, ಹೊರಡಿ.”

ಅವರು ಶಿಳ್ಳೆ ಹಾಕುತ್ತ ಬೀದಿಗಿಳಿದರು. ಮೊದಲ ಮನೆಯ ಬಾಗಿಲು ತೆರೆದದ್ದೂ, ಯಾರೋ ನಗುತ್ತ ಒಳಗೆ ಕರೆದದ್ದೂ ಕೇಳಿಸಿತು. ಈ ವಿಷಯವನ್ನು ಯಾರಿಗೂ ಹೇಳಬಾರದೆಂದು ನಾನು ಆಗಲೇ ತೀರ್ಮಾನಿಸಿದೆ. ನನ್ನ ನಾಲಿಗೆ ಇವತ್ತಿಗೂ ಆ ತೀರ್ಮಾನಕ್ಕೆ ತಪ್ಪಿಲ್ಲ.